2050ರ ಒಂದು ಕುಂದಾ ಡಬ್ಬಿ

ಅರ್ಧ ಕಿಲೋ ಕುಂದಾ ಡಬ್ಬಿ. ಮುಚ್ಚಳದ ಮೇಲೆ ಬೆಳಗಾವಿ ಕೋಟೆಯ ಚಿತ್ರ, ಪಕ್ಕದಲ್ಲಿ ತಯಾರಾದ ದಿನ: 12 ಜುಲೈ 2050. ಹಿಂಬದಿಯಲ್ಲಿ ಸಣ್ಣಕ್ಷರದ ಚೀಟಿ. ‘ಪ್ರಯೋಗಾಲಯದ ಹಾಲು ಶೇ 70, ಎಮ್ಮೆ ಹಾಲು ಶೇ 30. ಎಮ್ಮೆ ಹಾಲಿನ ಮೂಲ: ಖಾನಾಪುರ ಪುನರ್ವಸತಿ ಕಾಲೊನಿ ನಂ. 3. ತಯಾರಿಕೆಗೆ ತಗುಲಿದ ನೀರು: 410 ಲೀಟರ್. ಬೆಲೆ ನೀರಿನ ಸೆಸ್ ಸೇರಿ 2,350 ರೂಪಾಯಿ. ಒಂದು ಕುಟುಂಬಕ್ಕೆ ತಿಂಗಳಿಗೆ ಒಂದೇ ಡಬ್ಬಿ.’

ಇಂಥ ಡಬ್ಬಿ ಎಲ್ಲೂ ಇಲ್ಲ, ಈ ಲೇಖನಕ್ಕಾಗಿ ನಾನೇ ಕಟ್ಟಿದ್ದು. ಆದರೂ ಓದುವಷ್ಟರಲ್ಲಿ ಒಬ್ಬೊಬ್ಬರ ಕಣ್ಣು ಒಂದೊಂದು ಕಡೆ ನಿಂತಿರುತ್ತದೆ. ಬೆಳಗಾವಿಯ ಶಹಾಪುರದ ಗೃಹಿಣಿಗೆ ಬೆಲೆ ಚುಚ್ಚುತ್ತದೆ. ಮಿಠಾಯಿ ಅಂಗಡಿಯವರಿಗೆ ಪ್ರಯೋಗಾಲಯದ ಹಾಲು ಕುದಿಸಿದರೆ ಕುಂದಾ ಕಂದು ಬಣ್ಣಕ್ಕೆ ತಿರುಗುತ್ತದೆಯೇ ಎಂಬ ಚಿಂತೆ. ಭೀಮಗಡದ ಕಾಡಿನಲ್ಲಿ ಎಮ್ಮೆ ಕಟ್ಟಿಕೊಂಡಿರುವ ಗವಳಿಗನಿಗೆ ಬೆಲೆಯೂ ಬೇಡ, ಬಣ್ಣವೂ ಬೇಡ. ಕಾಲೊನಿ ನಂ. 3 ಎಂದಿದೆಯಲ್ಲ, ಅದು ಎಲ್ಲಿ, ಅಲ್ಲಿಗೆ ಹೋದವರು ಯಾರು, ಒಂದು ಮತ್ತು ಎರಡನೆಯ ನಂಬರಿನವು ಏನಾದವು ಎಂದು ಅವನು ಕೇಳುತ್ತಾನೆ. ಇದೇ ಸಂಗತಿಯನ್ನು ‘ಹವಾಮಾನ ಬದಲಾವಣೆ ಮತ್ತು ಅರಣ್ಯವಾಸಿಗಳ ಜೀವನೋಪಾಯ’ ಎಂಬ ಹೆಸರಿನಲ್ಲಿ ವಿಚಾರ ಸಂಕಿರಣ ಮಾಡಿ ಹೇಳಿದ್ದರೆ ಮೂವರೂ ಊಟದ ಹೊತ್ತಿಗೆ ಎದ್ದು ಹೋಗುತ್ತಿದ್ದರು.

ಹೀಗೆ ಇನ್ನೂ ಬಾರದ ಕಾಲದಿಂದ ಒಂದು ಸಾಮಾನನ್ನು ತಂದು ಈವತ್ತಿನವರ ಕೈಗೆ ಕೊಡುವ ಕಸುಬಿಗೆ ಸ್ಪೆಕ್ಯುಲೇಟಿವ್ ಡಿಸೈನ್ ಎಂದು ಹೆಸರು. ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ನಲ್ಲಿ ಪಾಠ ಮಾಡುತ್ತಿದ್ದ ಆಂಥನಿ ಡನ್ ಮತ್ತು ಫಿಯೋನಾ ರಾಬಿ 2013ರಲ್ಲಿ ‘ಸ್ಪೆಕ್ಯುಲೇಟಿವ್ ಎವೆರಿಥಿಂಗ್’ ಎಂಬ ಪುಸ್ತಕ ತಂದ ಮೇಲೆ ಈ ಹೆಸರು ಎಲ್ಲೆಡೆ ಹಬ್ಬಿತು. ವಿನ್ಯಾಸಕಾರ ಎಂದರೆ ಸಮಸ್ಯೆ ಬಿಡಿಸುವವನು, ಮಾರುವ ವಸ್ತುವಿಗೆ ಅಂದ ಕೊಡುವವನು ಎಂಬ ತಿಳಿವಳಿಕೆಯನ್ನು ಇವರು ಬದಿಗಿಟ್ಟರು. ಪ್ರಶ್ನೆ ಎಬ್ಬಿಸುವುದಕ್ಕೂ ವಸ್ತು ಮಾಡಬಹುದು ಎಂದರು. ಅಮೆರಿಕದ ವೈಜ್ಞಾನಿಕ ಕಾದಂಬರಿಕಾರ ಬ್ರೂಸ್ ಸ್ಟರ್ಲಿಂಗ್ ಇದರ ಸೋದರ ಕಲೆಗೆ 2005ರಲ್ಲೇ ‘ಡಿಸೈನ್ ಫಿಕ್ಷನ್’ ಎಂದು ಹೆಸರಿಟ್ಟಿದ್ದರು.

ನಾಳೆಯ ಕಥೆ ಹೇಳುವುದು ನಮಗೇನೂ ಹೊಸದಲ್ಲ. ಬೇಗಂ ರೊಕೆಯಾ 1905ರಲ್ಲಿ ಬರೆದ ‘ಸುಲ್ತಾನಾಸ್ ಡ್ರೀಮ್’ನಲ್ಲಿ ಹೆಂಗಸರು ಸೂರ್ಯನ ಶಾಖದಿಂದ ಅಡುಗೆ ಮಾಡುತ್ತ ನಾಡು ಆಳುತ್ತಾರೆ, ಗಂಡಸರು ಪರದೆಯೊಳಗಿರುತ್ತಾರೆ. ಕನ್ನಡದಲ್ಲಿ ರಾಜಶೇಖರ ಭೂಸನೂರಮಠರು ವೈಜ್ಞಾನಿಕ ಕಥೆಗೆ ಓದುಗರನ್ನು ಸಂಪಾದಿಸಿದರು. 1993ರಲ್ಲಿ ಬಾಳ ಫೋಂಡ್ಕೆ ಸಂಪಾದಿಸಿ ನ್ಯಾಷನಲ್ ಬುಕ್ ಟ್ರಸ್ಟ್ ಪ್ರಕಟಿಸಿದ ಭಾರತೀಯ ವೈಜ್ಞಾನಿಕ ಕಥೆಗಳ ಇಂಗ್ಲಿಷ್ ಸಂಕಲನದಲ್ಲಿ ಭೂಸನೂರಮಠರ ಕಥೆಯೂ ಇದೆ. ಆದರೆ ಕಥೆಯಲ್ಲಿ ನಾಯಕನೊಬ್ಬ ಇರುತ್ತಾನೆ, ಅವನ ಪಾಡನ್ನು ನಾವು ಹೊರಗೆ ನಿಂತು ನೋಡುತ್ತೇವೆ. ಕೈಗೆ ಬಂದ ಡಬ್ಬಿಗೆ ನಾಯಕನಿಲ್ಲ. ಹಿಡಿದವರೇ ಅದರೊಳಗೆ ಸಿಕ್ಕಿಬೀಳುತ್ತಾರೆ.

ಇದರ ಬಲ ಎಷ್ಟೆಂಬುದಕ್ಕೆ ಅನಬ್ ಜೈನ್ ಹೇಳುವ ಒಂದು ಪ್ರಸಂಗವಿದೆ. ಅಹಮದಾಬಾದಿನ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಡಿಸೈನ್‌ನಲ್ಲಿ ಕಲಿತು, ಲಂಡನ್ನಿನಲ್ಲಿ ಜಾನ್ ಆರ್ಡರ್ನ್ ಜೊತೆ ‘ಸೂಪರ್‌ಫ್ಲಕ್ಸ್’ ಎಂಬ ಸ್ಟುಡಿಯೊ ಕಟ್ಟಿದವರು ಇವರು. ಸಂಯುಕ್ತ ಅರಬ್ ಸಂಸ್ಥಾನದ ಸರ್ಕಾರ ತನ್ನ ಮುಂದಿನ ಇಂಧನ ನೀತಿಗಾಗಿ ಇವರನ್ನು ಕರೆಸಿತ್ತು. ಜನ ಕಾರಿನ ಬಳಕೆ ಬಿಡುವುದುಂಟೇ ಎಂದು ಕೇಳಿದವರ ಮುಂದೆ ಇವರು ಅಂಕಿಅಂಶ ಬಿಚ್ಚಲಿಲ್ಲ. ಈಗಿನ ರೀತಿಯೇ ಮುಂದುವರಿದರೆ 2030ರ ದಶಕದಲ್ಲಿ ಅಲ್ಲಿನ ಗಾಳಿ ಹೇಗಿದ್ದೀತು ಎಂದು ಲೆಕ್ಕಹಾಕಿ, ಆ ಕೆಟ್ಟ ಗಾಳಿಯನ್ನೇ ತಯಾರಿಸಿ, ಬಂದವರಿಗೆ ಮೂಸಲು ಕೊಟ್ಟರು. ಮರುದಿನ ಸರ್ಕಾರ ನವೀಕರಿಸಬಹುದಾದ ಇಂಧನಕ್ಕೆ ದೊಡ್ಡ ಮೊತ್ತ ಘೋಷಿಸಿತು ಎಂದು ಅವರು 2017ರ ತಮ್ಮ ಟೆಡ್ ಭಾಷಣದಲ್ಲಿ ಹೇಳಿದ್ದಾರೆ. ಒಂದೇ ಉಸಿರಿನಿಂದ ಇಷ್ಟೆಲ್ಲ ಆಯಿತೆಂದು ನಾನು ನಂಬುವುದಿಲ್ಲ. ಸರ್ಕಾರಗಳು ಮೊದಲೇ ಮನಸ್ಸು ಮಾಡಿಕೊಂಡು ನೆಪಕ್ಕಾಗಿ ಕಾಯುವುದೂ ಉಂಟು. ಆದರೂ ಮೂಗಿಗೆ ಬಂದ ವಾಸನೆಯನ್ನು ‘ಅಂಕಿಅಂಶ ತಪ್ಪು’ ಎಂದು ತಳ್ಳಿಹಾಕಲು ಬರುವುದಿಲ್ಲ.

ಲಂಡನ್ನಿನಲ್ಲಿ ಇದಕ್ಕೆ ಶಾಸ್ತ್ರ ಹುಟ್ಟಿರಬಹುದು. ಆಚರಣೆ ನಮ್ಮ ಕಡೆಯೇ ಇದೆ. ಖಾನಾಪುರ ತಾಲ್ಲೂಕಿನ ನಂದಗಡಕ್ಕೆ ಹೋಗಿ ನೋಡಿ. 1831ರ ಜನವರಿ 26ರಂದು ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಿದ ಊರು ಅದು. ಅವನ ಸಮಾಧಿಯ ಬಳಿಯ ಆಲದ ಮರಕ್ಕೆ ಮಕ್ಕಳಾಗಲಿ ಎಂದು ಹರಕೆ ಹೊತ್ತವರು ಪುಟ್ಟ ಪುಟ್ಟ ತೊಟ್ಟಿಲು ಕಟ್ಟುತ್ತಾರೆ. ಇನ್ನೂ ಹುಟ್ಟದ ಕೂಸಿಗೆ ತೊಟ್ಟಿಲು ಮೊದಲೇ ಬಂದಿದೆ. ಬೇಕಾದ ನಾಳೆಯ ಒಂದು ವಸ್ತುವನ್ನು ಈವತ್ತೇ ಮಾಡಿ, ನಾಲ್ಕು ಜನ ಓಡಾಡುವ ಜಾಗದಲ್ಲಿ ಎಲ್ಲರಿಗೂ ಕಾಣುವಂತೆ ತೂಗುಹಾಕುವುದು.

ಇನ್ನೂ ಹತ್ತಿರದ ಉದಾಹರಣೆ ಧಾರವಾಡ ತಾಲ್ಲೂಕಿನ ಹನುಮನಕೊಪ್ಪದ್ದು. ಯುಗಾದಿ ಅಮಾವಾಸ್ಯೆಯ ಸಂಜೆ ಅಲ್ಲಿನ ರೈತರು ತುಪ್ಪರಿ ಹಳ್ಳದ ದಂಡೆಯಲ್ಲಿ ಒಂದು ಸಣ್ಣ ಲೋಕ ಕಟ್ಟುತ್ತಾರೆ. ಎಕ್ಕದ ಎಲೆಗಳಲ್ಲಿ ಧಾನ್ಯ, ಮಣ್ಣಿನಲ್ಲಿ ಮಾಡಿದ ರೈತ, ಎತ್ತು, ಸೈನಿಕ, ದಿಕ್ಕು ದಿಕ್ಕಿಗೆ ಆಳುವವರ ಗೊಂಬೆ. ರಾತ್ರಿ ಹಾಗೇ ಬಿಟ್ಟು ಪಾಡ್ಯದ ನಸುಕಿನಲ್ಲಿ ಬಂದು ಓದುತ್ತಾರೆ. ಯಾವ ಧಾನ್ಯ ಚೆದುರಿದೆ, ಯಾವ ಗೊಂಬೆಗೆ ಪೆಟ್ಟಾಗಿದೆ, ಅದರ ಮೇಲೆ ಮಳೆ ಬೆಳೆಯ, ರಾಜಕಾರಣದ ಭವಿಷ್ಯ. 1984ರಲ್ಲಿ ಇಂದಿರಾ ಗಾಂಧಿಯವರಿಗೆ ಆದದ್ದನ್ನೂ ಈ ಗೊಂಬೆಗಳು ಮೊದಲೇ ಹೇಳಿದ್ದವು ಎಂದು ಊರವರು ಹೇಳುತ್ತಾರೆ. ಭವಿಷ್ಯ ಖರೆ ಆಯಿತೋ ಇಲ್ಲವೋ ಎಂಬುದಕ್ಕಿಂತ ಗೊಂಬೆ ಮಾಡುವ ಹೊತ್ತಿನ ಮೇಲೆ ನನಗೆ ಆಸಕ್ತಿ. ಈ ಸಲ ಯಾರ ಗೊಂಬೆ ಇಡಬೇಕು, ಯಾವ ಕಾಳು ಇಡಬೇಕು ಎಂದು ತೀರ್ಮಾನಿಸುವಾಗಲೇ ಊರು ತನಗೆ ಯಾವುದರ ಚಿಂತೆ ಇದೆ ಎಂಬುದನ್ನು ಮಣ್ಣಿನಲ್ಲಿ ಬರೆದಾಗಿರುತ್ತದೆ.

ವ್ಯತ್ಯಾಸವೂ ಇದೆ. ಕಾರ್ಣಿಕ, ಕಾಲಜ್ಞಾನ, ಗೊಂಬೆ ಭವಿಷ್ಯ ಇವೆಲ್ಲ ಮುಂದೆ ಆಗುವುದು ಒಂದೇ, ಅದು ಇಂಥದು ಎನ್ನುತ್ತವೆ. ಕುಂದಾ ಡಬ್ಬಿ ಹಾಗೆ ಹೇಳುವುದಿಲ್ಲ. ಪಕ್ಕದಲ್ಲಿ ಇನ್ನೆರಡು ಬೇರೆ ಡಬ್ಬಿ ಇಟ್ಟು, ಇವುಗಳಲ್ಲಿ ಯಾವುದು ನಿಮ್ಮ ಮನೆಗೆ ಬರಬೇಕು ಎಂದು ಕೇಳುತ್ತದೆ.

ಬೆಳಗಾವಿ ಪಟ್ಟಣದಲ್ಲೇ ಇಂಥ ಒಂದು ಭಾರಿ ಪ್ರಯೋಗ ನಡೆದು ನೂರು ವರ್ಷ ಕಳೆದಿದೆ. 1924ರ ಡಿಸೆಂಬರ್ 26 ಮತ್ತು 27ರಂದು ಟಿಳಕವಾಡಿಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆಯಿತು. ಗಾಂಧೀಜಿ ಅಧ್ಯಕ್ಷತೆ ವಹಿಸಿದ ಒಂದೇ ಒಂದು ಅಧಿವೇಶನ ಅದು. ಮುಂದೆ ನಿಂತು ನಡೆಸಿದವರು ಗಂಗಾಧರರಾವ್ ದೇಶಪಾಂಡೆ. ಅಧಿವೇಶನದ ನಗರಕ್ಕೆ ‘ವಿಜಯನಗರ’ ಎಂದು ಹೆಸರಿಟ್ಟರು, ನೀರಿಗಾಗಿ ತೋಡಿಸಿದ ಬಾವಿಯನ್ನು ‘ಪಂಪಾ ಸರೋವರ’ ಎಂದು ಕರೆದರು. ಆ ಬಾವಿ ಈಗಲೂ ಕಾಂಗ್ರೆಸ್ ಬಾವಿಯಾಗಿ ಉಳಿದಿದೆ. ಅದೇ ಸಂದರ್ಭದಲ್ಲಿ ಸಿದ್ದಪ್ಪ ಕಂಬಳಿಯವರ ಅಧ್ಯಕ್ಷತೆಯಲ್ಲಿ ಮೊದಲ ಕರ್ನಾಟಕ ಏಕೀಕರಣ ಪರಿಷತ್ತು ಸೇರಿತು. ಹುಯಿಲಗೋಳ ನಾರಾಯಣರಾಯರ ‘ಉದಯವಾಗಲಿ’ ಗೀತೆ ಜನರ ಕಿವಿಗೆ ಬಿದ್ದದ್ದೂ ಅಲ್ಲೇ.

ಆ ಹೊತ್ತಿಗೆ ಕನ್ನಡ ನಾಡು ಎಂಬ ರಾಜ್ಯ ಯಾವ ನಕ್ಷೆಯಲ್ಲೂ ಇರಲಿಲ್ಲ ಎಂಬುದನ್ನು ನೆನಪಿಡಬೇಕು. ಬೆಳಗಾವಿ ಮುಂಬಯಿ ಪ್ರಾಂತದಲ್ಲಿತ್ತು, ಬಳ್ಳಾರಿ ಮದ್ರಾಸಿನಲ್ಲಿತ್ತು, ಕಲಬುರಗಿ ನಿಜಾಮನ ಕೈಯಲ್ಲಿತ್ತು. ಏಳು ವರ್ಷ ಹಿಂದೆ, 1917ರಲ್ಲಿ, ಆಲೂರು ವೆಂಕಟರಾಯರು ‘ಕರ್ನಾಟಕ ಗತವೈಭವ’ ಬರೆದು ಹಿಂದಿನದನ್ನು ತೋರಿಸಿ ಮುಂದಿನದನ್ನು ಕೇಳಿದ್ದರು. ಬೆಳಗಾವಿಯವರು ಆ ಪುಸ್ತಕದ ಮಾತಿಗೆ ಕೆಲವು ದಿನದ ಮಟ್ಟಿಗೆ ಒಂದು ಊರನ್ನೇ ಕಟ್ಟಿ, ಜನರನ್ನು ಅದರೊಳಗೆ ನಡೆದಾಡಿಸಿದರು. ನಕ್ಷೆ ಬಂದದ್ದು 32 ವರ್ಷದ ಮೇಲೆ, 1956ರ ನವೆಂಬರ್ 1ಕ್ಕೆ.

ಇಷ್ಟಕ್ಕೇ ನಿಲ್ಲಿಸಿದರೆ ಅರ್ಧ ಕಥೆ ಹೇಳಿದಂತಾಗುತ್ತದೆ. ಅದೇ ಪಟ್ಟಣದ ಅದೇ ಓಣಿಗಳಲ್ಲಿ ಮರಾಠಿ ಮಾತಾಡುವ ಬಹಳ ಜನರ ಮನಸ್ಸಿನಲ್ಲಿ ಇನ್ನೊಂದು ನಕ್ಷೆ ಇತ್ತು. ಬೆಳಗಾವಿ ಕರ್ನಾಟಕದಲ್ಲೇ ಉಳಿಯಲಿ ಎಂದು 1967ರಲ್ಲಿ ಮಹಾಜನ ಆಯೋಗ ವರದಿ ಕೊಟ್ಟಿತು, 2004ರಲ್ಲಿ ಮಹಾರಾಷ್ಟ್ರ ಸುಪ್ರೀಂ ಕೋರ್ಟಿಗೆ ಹೋಯಿತು. ಪ್ರತಿವರ್ಷ ನವೆಂಬರ್ 1ರಂದು ಒಂದು ಬೀದಿಯಲ್ಲಿ ರಾಜ್ಯೋತ್ಸವದ ಮೆರವಣಿಗೆ ಹೊರಡುತ್ತದೆ, ಇನ್ನೊಂದರಲ್ಲಿ ಕರಾಳ ದಿನದ ಕಪ್ಪು ಪಟ್ಟಿ ಕಾಣುತ್ತದೆ. ಕಲ್ಪಿಸಿಕೊಂಡ ನಾಳೆಗೆ ಎಷ್ಟು ಬಲವಿದೆ, ಇಬ್ಬರ ನಾಳೆಗಳು ಒಂದೇ ಜಾಗವನ್ನು ಬೇಡಿದರೆ ಏನಾಗುತ್ತದೆ ಎಂಬುದು ಬೆಳಗಾವಿಗೆ ಗೊತ್ತಿರುವಷ್ಟು ಬೇರೆ ಊರಿಗೆ ಗೊತ್ತಿರಲಿಕ್ಕಿಲ್ಲ. ಸುವರ್ಣ ವಿಧಾನಸೌಧವನ್ನೂ ಇದರ ಜೊತೆಗೇ ಓದಬೇಕು. 2012ರಲ್ಲಿ ಉದ್ಘಾಟನೆಯಾದ ಅದು ಎರಡನೆಯ ರಾಜಧಾನಿಯೊಂದರ ಕಲ್ಲಿನ ಮಾದರಿ. ವರ್ಷಕ್ಕೊಮ್ಮೆ ಚಳಿಗಾಲದ ಅಧಿವೇಶನ ಸೇರಿದಾಗ ಮಾತ್ರ ರಾಜಧಾನಿಯಾಗುತ್ತದೆ, ಅಷ್ಟೇ.

ಈಗ ನಮ್ಮ ಭಾಗದ ಭವಿಷ್ಯವನ್ನು ಬರೆಯುತ್ತಿರುವವರು ಯಾರು? ಬರೆಯುತ್ತಿದ್ದಾರೆ, ಅದರಲ್ಲಿ ಸಂಶಯವಿಲ್ಲ. ನಗರಕ್ಕೆ ಮಹಾಯೋಜನೆ ಇದೆ. 2016ರ ಜನವರಿಯಲ್ಲಿ ಪ್ರಕಟವಾದ ಮೊದಲ 20 ಸ್ಮಾರ್ಟ್ ಸಿಟಿಗಳ ಪಟ್ಟಿಯಲ್ಲೇ ಬೆಳಗಾವಿ ಸೇರಿತ್ತು. ಇಂಥ ಯೋಜನೆಗಳ ಕಂಪ್ಯೂಟರ್ ಚಿತ್ರಗಳನ್ನು ಎಲ್ಲರೂ ನೋಡಿರುತ್ತೀರಿ. ಅಗಲವಾದ ಪಾದಚಾರಿ ಮಾರ್ಗ, ಗಾಜಿನ ಬಸ್ ನಿಲ್ದಾಣ, ತೆಳ್ಳಗೆ ಬೆಳ್ಳಗೆ ನಡೆದುಹೋಗುವ ಜನ. ಆ ಚಿತ್ರಗಳಲ್ಲಿ ಮಳೆ ಬರುವುದಿಲ್ಲ. ಜುಲೈನಲ್ಲಿ ದಿನಗಟ್ಟಲೆ ಸೂರ್ಯ ಕಾಣದ, ಬಳ್ಳಾರಿ ನಾಲಾ ಉಕ್ಕಿ ವಡಗಾವಿ ಕಡೆಯ ಭತ್ತದ ಗದ್ದೆ ಮುಳುಗುವ ಊರಿನ ನಾಳೆಯಲ್ಲಿ ಒಂದು ಕೊಡೆಯೂ ಇಲ್ಲ ಎಂದರೆ ಅದನ್ನು ಬರೆದವರು ಎಲ್ಲಿ ಕೂತು ಬರೆದರು ಎಂದು ಕೇಳಲೇಬೇಕು.

ಖಾನಾಪುರದ ಪಾಲಿಗೆ ಬರೆದ ನಾಳೆ ಇದಕ್ಕಿಂತ ದೊಡ್ಡದು. ಮಹದಾಯಿ ಹುಟ್ಟುವುದು ಈ ತಾಲ್ಲೂಕಿನ ದೇಗಾವಿನಲ್ಲಿ, ಮಲಪ್ರಭೆ ಹುಟ್ಟುವುದು ಕಣಕುಂಬಿಯಲ್ಲಿ. ಒಂದು ಪಶ್ಚಿಮಕ್ಕೆ ಇಳಿದು ಗೋವಾದಲ್ಲಿ ಮಾಂಡೋವಿಯಾಗುತ್ತದೆ, ಇನ್ನೊಂದು ಪೂರ್ವಕ್ಕೆ ಹರಿದು ನವಿಲುತೀರ್ಥದಲ್ಲಿ ನಿಲ್ಲುತ್ತದೆ. ಒಂದರ ನೀರನ್ನು ಸ್ವಲ್ಪ ಇನ್ನೊಂದಕ್ಕೆ ತಿರುಗಿಸುವುದೇ ಕಳಸಾ-ಬಂಡೂರಿ ಯೋಜನೆ. ಎಂಟು ವರ್ಷದ ವಿಚಾರಣೆ ಮುಗಿಸಿ 2018ರ ಆಗಸ್ಟ್ 14ರಂದು ಮಹದಾಯಿ ಜಲವಿವಾದ ನ್ಯಾಯಮಂಡಳಿ ಕರ್ನಾಟಕಕ್ಕೆ ಒಟ್ಟು 13.42 ಟಿಎಂಸಿ ಅಡಿ ನೀರು ಹಂಚಿತು. ಅದರಲ್ಲಿ ಮಲಪ್ರಭೆಗೆ ತಿರುಗಿಸಲು 3.9 ಟಿಎಂಸಿ. ಕಳಸಾ ಹಳ್ಳದಿಂದ 1.72, ಬಂಡೂರಿ ಹಳ್ಳದಿಂದ 2.18. 2020ರ ಫೆಬ್ರುವರಿಯಲ್ಲಿ ಗೆಜೆಟ್ ಅಧಿಸೂಚನೆ ಬಂತು, 2022ರ ಡಿಸೆಂಬರ್‌ನಲ್ಲಿ ಪರಿಷ್ಕೃತ ಯೋಜನಾ ವರದಿಗೆ ಕೇಂದ್ರ ಜಲ ಆಯೋಗದ ಒಪ್ಪಿಗೆ ಸಿಕ್ಕಿತು.

3.9 ಟಿಎಂಸಿ ಎಂದರೆ ಸುಮಾರು 11,000 ಕೋಟಿ ಲೀಟರ್. ಬರೆದೆ, ನೀವು ಓದಿದಿರಿ, ಇಬ್ಬರ ಕಣ್ಣ ಮುಂದೆಯೂ ಏನೂ ಬರಲಿಲ್ಲ. 37.73 ಟಿಎಂಸಿ ಹಿಡಿಯುವ ನವಿಲುತೀರ್ಥ ಜಲಾಶಯದ ಹತ್ತರಲ್ಲಿ ಒಂದು ಪಾಲು ಎಂದರೆ ಅದರ ನೀರು ನೆಚ್ಚಿದ ನರಗುಂದದವರಿಗೆ ಒಂದಿಷ್ಟು ಕಂಡೀತು. ಈ ಅಂಕಿ ಪಣಜಿಯಿಂದ ಸುಪ್ರೀಂ ಕೋರ್ಟಿನವರೆಗೆ ಎಷ್ಟು ಸಿಟ್ಟು, ಎಷ್ಟು ಬಂದ್, ಎಷ್ಟು ಚುನಾವಣಾ ಭಾಷಣ ಹೊತ್ತು ತಿರುಗಿದೆ. ಅಂಕಿಯ ಪರ ಇಲ್ಲವೇ ವಿರುದ್ಧ ಘೋಷಣೆ ಕೂಗಬಹುದು. ಅದರ ಜೊತೆ ಮಾತಾಡಲು ಬರುವುದಿಲ್ಲ. ಅದು ನನಸಾದ ದಿನ ನವಲಗುಂದದ ಹೊಲದಲ್ಲಿ ಏನು ಬೆಳೆದಿರುತ್ತದೆ, ಕಣಕುಂಬಿಯ ಬಾವಿಯಲ್ಲಿ ಮಾರ್ಚ್ ತಿಂಗಳಲ್ಲಿ ನೀರೆಷ್ಟು ಎಂದು ಕೇಳುವ ಹೊತ್ತಿಗೆ ಯೋಜನಾ ವರದಿಯ ಪುಟ ಮುಗಿದಿರುತ್ತದೆ.

ಎದುರಾಳಿಗಳನ್ನು ಒಂದೇ ಕೋಣೆಯಲ್ಲಿ ಕೂರಿಸಿ ಕಥೆ ಕಟ್ಟಿಸಿದ ಒಂದು ಪ್ರಸಿದ್ಧ ಪ್ರಯತ್ನ ದಕ್ಷಿಣ ಆಫ್ರಿಕಾದ್ದು. ಇದರ ಬೇರು ಎಣ್ಣೆ ಕಂಪನಿಯಲ್ಲಿದೆ ಎಂಬುದು ತಮಾಷೆ. 1970ರ ದಶಕದ ಆರಂಭದಲ್ಲಿ ಶೆಲ್ ಕಂಪನಿಯ ಪಿಯರ್ ವಾಕ್ ಒಂದೇ ಅಂದಾಜನ್ನು ನೆಚ್ಚದೆ ಹಲವು ನಾಳೆಗಳ ಕಥೆ ಬರೆಯುವ ಪದ್ಧತಿಯನ್ನು ಕಂಪನಿಯೊಳಗೆ ಬೆಳೆಸಿದರು. 1973ರಲ್ಲಿ ಎಣ್ಣೆ ಬೆಲೆ ದಿಢೀರ್ ಏರಿದಾಗ ಶೆಲ್ ಉಳಿದವರಷ್ಟು ತಬ್ಬಿಬ್ಬಾಗಲಿಲ್ಲ. ಅದೇ ಕಂಪನಿಯಿಂದ ಬಂದ ಆಡಂ ಕಹಾನೆ 1991-92ರಲ್ಲಿ ಕೇಪ್‌ಟೌನ್ ಬಳಿಯ ಮಾಂಟ್ ಫ್ಲೋರ್‌ನಲ್ಲಿ ವರ್ಣಭೇದದ ಕೊನೆಯ ದಿನಗಳ ದಕ್ಷಿಣ ಆಫ್ರಿಕಾದ 22 ಜನರ ಮಾತುಕತೆ ನಡೆಸಿಕೊಟ್ಟರು. ಎಡಪಂಥೀಯರು, ಉದ್ಯಮಿಗಳು, ಕರಿಯರು, ಬಿಳಿಯರು. ಏನಾಗಬೇಕು ಎಂದು ಕೇಳಿದ್ದರೆ ಹೊಡೆದಾಟವೇ ಆಗುತ್ತಿತ್ತು. ಏನೇನು ಆಗಬಹುದು ಎಂದಷ್ಟೇ ಕೇಳಿದರು. ನಾಲ್ಕು ಕಥೆ ಹುಟ್ಟಿದವು: ಮರಳಲ್ಲಿ ತಲೆ ಹುದುಗಿಸಿದ ಉಷ್ಟ್ರಪಕ್ಷಿ, ಕುಂಟು ಬಾತುಕೋಳಿ, ಸೂರ್ಯನ ಹತ್ತಿರ ಹಾರಿ ಬಿದ್ದ ಇಕರಸ್, ಎಲ್ಲರೂ ಒಟ್ಟಿಗೆ ನಿಧಾನವಾಗಿ ಏಳುವ ಫ್ಲೆಮಿಂಗೊ ಹಿಂಡು. ಪತ್ರಿಕೆಯೊಂದರ ಪುರವಣಿಯಾಗಿ ಅವು ಮನೆಮನೆಗೆ ಹೋದವು. ಪುರವಣಿಗೆ ಬರೆಯುವ ನನ್ನಂಥವರಿಗೆ ಇದೊಂದು ಸಮಾಧಾನ.

ಮಹದಾಯಿಗೂ ಇಂಥ ನಾಲ್ಕು ಕಥೆ ಕಟ್ಟಿ ನೋಡಬಹುದಲ್ಲ. ಕಾಲ 2050. ಹೆಸರುಗಳನ್ನು ಖಾನಾಪುರದ ಕಾಡಿನಿಂದ, ಮಲಪ್ರಭೆಯ ಬಯಲಿನಿಂದ ಆರಿಸಿದ್ದೇನೆ.

ಮೊದಲನೆಯದು ಬಾವಲಿಯ ಕಥೆ. 2011ರಲ್ಲಿ ಘೋಷಣೆಯಾದ, 190 ಚದರ ಕಿ.ಮೀ. ಹರಹಿನ ಭೀಮಗಡ ವನ್ಯಧಾಮದ ಬಾರಾಪೇಡೆ ಗುಹೆಗಳು ರಾಟನ್ಸ್ ಫ್ರೀ-ಟೇಲ್ಡ್ ಎಂಬ ಅಪರೂಪದ ಬಾವಲಿಗೆ ಹೆಸರಾದವು. ಬಾವಲಿ ಹಕ್ಕಿಯಲ್ಲ ಎಂದು ಜೀವಶಾಸ್ತ್ರದ ಮೇಷ್ಟ್ರು ತಕರಾರು ತೆಗೆಯಬಹುದು. ಇಕರಸನೂ ಹಕ್ಕಿಯಲ್ಲ. ಈ ಕಥೆಯಲ್ಲಿ ಎಲ್ಲವೂ ತಲೆಕೆಳಗಾಗಿ ತೂಗಿಕೊಂಡೇ ಇರುತ್ತದೆ. ದಾವೆ ಮುಗಿದಿಲ್ಲ, ಯೋಜನೆ ಸತ್ತಿಲ್ಲ. ಕಣಕುಂಬಿಯಲ್ಲಿ ಅಗೆದು ಬಿಟ್ಟ ಕಾಲುವೆಯಲ್ಲಿ ಮತ್ತಿ ಮರ ಬೆಳೆದಿದೆ. 2015ರಲ್ಲಿ ನರಗುಂದದ ಧರಣಿ ಪೆಂಡಾಲಿನಲ್ಲಿ ಕೂತಿದ್ದ ರೈತನ ಮೊಮ್ಮಗಳು ಈಗ ಅದೇ ಪ್ರಕರಣದ ವಕೀಲೆ. ಅವಳ ಮೇಜಿನ ಮೇಲಿರುವ ವಸ್ತು: ಮುಂದಿನ ವಿಚಾರಣೆಯ ದಿನಾಂಕ ಬರೆದ ಚೀಟಿ, 9 ಜನವರಿ 2051.

ಎರಡನೆಯದು ಕೊಕ್ಕರೆಯದು. ಯೋಜನೆ ಮುಗಿದಿದೆ, ಉದ್ಘಾಟನೆಗೆ ಪ್ರಧಾನಿ ಬಂದಿದ್ದರು. ಆದರೆ ಮಳೆ ತನ್ನ ರೂಢಿ ಬಿಟ್ಟಿದೆ. ಮೂರು ತಿಂಗಳು ಹಂಚಿ ಬೀಳುತ್ತಿದ್ದದ್ದು ಇಪ್ಪತ್ತು ದಿನದಲ್ಲಿ ಸುರಿದು ಹೋಗುತ್ತದೆ. ಬಂದ ನೀರಿಗೆ ಮೇಲ್ಗಡೆಯವರು ಕಬ್ಬು ಹಾಕಿದ್ದಾರೆ, ಕಾಲುವೆಯ ತುದಿಯವರು ಒಂಟಿಕಾಲಲ್ಲಿ ಕಾಯುತ್ತಾರೆ. ಇದು ಪೂರಾ ಕಲ್ಪನೆ ಅಲ್ಲ ಎಂಬುದು ಹಳಬರಿಗೆ ಗೊತ್ತು. ಮಲಪ್ರಭಾ ಯೋಜನೆಯ ಕಾಗದದ ಮೇಲಿನ ನಾಳೆಯಲ್ಲಿ ಎಲ್ಲರ ಹೊಲಕ್ಕೂ ನೀರಿತ್ತು. ನಿಜದಲ್ಲಿ ತುದಿಯ ಹೊಲಗಳಿಗೆ ನೀರಿಗಿಂತ ಮೊದಲು ಅಭಿವೃದ್ಧಿ ಕರದ ನೋಟಿಸು ಬಂತು. 1980ರ ಜುಲೈನಲ್ಲಿ ನರಗುಂದ-ನವಲಗುಂದದ ರೈತ ಬಂಡಾಯಕ್ಕೆ ಅದೇ ಕಿಡಿ. ಗೋಲಿಬಾರ್ ನಡೆದು ಜೀವಗಳು ಹೋದವು, ಕೊನೆಗೆ ಸರ್ಕಾರವೂ ಅಲುಗಾಡಿತು. ಈ ಕಥೆಯ ವಸ್ತು ಒಂದು ಲಗ್ನಪತ್ರಿಕೆ. ‘ಶುಭ ಮುಹೂರ್ತ ಬೆಳಿಗ್ಗೆ 11.20’ ಎಂಬುದರ ಕೆಳಗೆ ‘ಟ್ಯಾಂಕರ್ ಬರುವ ಸಮಯಕ್ಕೆ ಅನುಸರಿಸಿ ಬದಲಾಗಬಹುದು’.

ಮೂರನೆಯದು ಮಂಗಟ್ಟೆಯ ಕಥೆ. ಮೊಟ್ಟೆ ಇಡುವ ಕಾಲಕ್ಕೆ ಹೆಣ್ಣು ಮಂಗಟ್ಟೆ ಮರದ ಪೊಟರೆಯೊಳಗೆ ಕೂತು ಅದರ ಬಾಯಿ ಮುಚ್ಚಿಕೊಳ್ಳುತ್ತದೆ, ಗಂಡು ಸಣ್ಣ ಸೀಳಿನಿಂದ ಹಣ್ಣು ಉಣಿಸುತ್ತದೆ. ಇಲ್ಲಿ ಕಾಡಿಗೆ ಅಂಥ ಮುಚ್ಚಳ ಬಿದ್ದಿದೆ. ನದಿ ತಿರುಗಿಲ್ಲ, ಹುಲಿ ಹೆಚ್ಚಿವೆ, ಗೋವಾಕ್ಕೂ ಖುಷಿ. ಗವಾಳಿ, ಪಾಸ್ತೋಳಿ, ಅಮಗಾವಿನಂಥ ಕಾಡಿನ ಊರುಗಳು ಖಾಲಿಯಾಗಿವೆ. ಹೊರಗೆ ಬಂದವರನ್ನು ಕಾರ್ಬನ್ ಹಣ, ಪ್ರವಾಸಿಗರ ಹಣ ಎಂಬ ಒಂದೇ ಸೀಳಿನಿಂದ ಸಾಕಲಾಗುತ್ತಿದೆ. ವಸ್ತು: ಅರಣ್ಯ ಇಲಾಖೆಯ ಒಂದು ದಿನದ ಪ್ರವೇಶ ಪತ್ರ. ‘ಕಾರಣ: ಹಿರಿಯರ ದೇವರಿಗೆ ಕಾಯಿ ಒಡೆಯಲು. ಸಂಜೆ 5ರೊಳಗೆ ಹಿಂತಿರುಗತಕ್ಕದ್ದು.’ ನಾಲ್ಕರಲ್ಲಿ ನನ್ನನ್ನು ಹೆಚ್ಚು ಕಾಡುವುದು ಇದು, ಏಕೆಂದರೆ ಇದರಲ್ಲಿ ಖಳನಾಯಕರೇ ಇಲ್ಲ.

ಕೊನೆಯದು ಗೀಜಗನದು. ದೊಡ್ಡ ಕಾಲುವೆಯ ಬದಲು ನೂರಾರು ಸಣ್ಣ ಗೂಡು. ಕೆರೆ ಹೂಳು ತೆಗೆದಿದ್ದಾರೆ, ಕೃಷಿಹೊಂಡ ತುಂಬಿವೆ, ಹುಬ್ಬಳ್ಳಿ-ಧಾರವಾಡದ ಚರಂಡಿ ನೀರು ಶುದ್ಧವಾಗಿ ಹೊಲಕ್ಕೆ ಹೋಗುತ್ತದೆ, ಕಬ್ಬಿನ ಜಾಗದಲ್ಲಿ ಜೋಳ, ಕಡಲೆ ಮರಳಿವೆ. ಕೇಳಲು ಚೆಂದ. ಬಾಳಲು ಕಷ್ಟ. ಪ್ರತಿ ಗೂಡಿಗೂ ಒಂದು ಸಭೆ, ಪ್ರತಿ ಸಭೆಗೂ ಒಂದು ಜಗಳ. ವಸ್ತು: ಊರಿನ ನೀರಿನ ಖಾತೆ ಪುಸ್ತಕ. ಅದರ ಒಂದು ಪುಟದಲ್ಲಿ, ರಾತ್ರಿ ಕಳ್ಳತನದಿಂದ ವಾಲ್ವ್ ತೆರೆದದ್ದಕ್ಕೆ ಪಂಚಾಯಿತಿ ಅಧ್ಯಕ್ಷರಿಗೇ ಹಾಕಿದ ದಂಡ. ನನ್ನ ಮನಸ್ಸು ಇದರ ಕಡೆಗೆ ವಾಲುತ್ತದೆ. ಅದಕ್ಕಾಗಿಯೇ ಇದನ್ನು ಬರೆಯುವ ಕೆಲಸ ಇದನ್ನು ಒಪ್ಪದ ನವಲಗುಂದದ ಕಬ್ಬು ಬೆಳೆಗಾರನಿಗೆ ಕೊಡಬೇಕು. ಅವನು ಬರೆದರೆ ಇದರ ತೂತುಗಳು ಕಾಣುತ್ತವೆ.

ಸ್ಪೆಕ್ಯುಲೇಟಿವ್ ಡಿಸೈನ್ ಎಂಬ ಈ ವಿದ್ಯೆಯ ಮೇಲೆ ಒಂದು ಗಟ್ಟಿ ಆರೋಪವಿದೆ, ಅದನ್ನು ಹಾಗೇ ಬಿಡುವಂತಿಲ್ಲ. ಮೈಕೆಲ್ ಬರ್ಟನ್ ಮತ್ತು ಮಿಚಿಕೊ ನಿಟ್ಟಾ ಎಂಬ ವಿನ್ಯಾಸಕಾರರು ‘ರಿಪಬ್ಲಿಕ್ ಆಫ್ ಸ್ಯಾಲಿವೇಷನ್’ ಎಂಬ ಕಾಲ್ಪನಿಕ ಲೋಕ ಕಟ್ಟಿದ್ದರು. ಆಹಾರ ಸಾಲದೆ ಸರ್ಕಾರ ಜನರಿಗೆ ಅಳೆದು ಊಟ ಹಂಚುವ ಭಯಾನಕ ನಾಳೆ. ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದ ಒಂದು ಯೋಜನೆಯಲ್ಲಿ ಇದರ ಚರ್ಚೆ ನಡೆದಾಗ ಜಗಳವೇ ಎದ್ದಿತು. ಬ್ರೆಜಿಲ್‌ನ ಲೂಯಿಜಾ ಪ್ರಾಡೊ ಮತ್ತು ಪೆಡ್ರೊ ಒಲಿವೇರಾ 2014ರಲ್ಲಿ ಬರೆದ ಟೀಕೆಯ ಸಾರ ಇಷ್ಟು: ನಿಮಗೆ ಮುಂದೆ ಬರಬಹುದಾದ ದುಃಸ್ವಪ್ನ ಎನಿಸಿದ್ದು ಜಗತ್ತಿನ ಬಹಳ ಜನರಿಗೆ ಈಗಾಗಲೇ ದಿನನಿತ್ಯದ ಬಾಳು.

ಇದನ್ನು ಖಾನಾಪುರದಲ್ಲಿ ನಿಂತು ಓದಿದರೆ ಟೀಕೆ ಇನ್ನೂ ಹರಿತವಾಗುತ್ತದೆ. ರಸ್ತೆ ಇಲ್ಲದ, ಮೊಬೈಲ್ ಸಿಗ್ನಲ್ ಇಲ್ಲದ, ಸೇತುವೆ ಕೊಚ್ಚಿಹೋದರೆ ಜಗತ್ತೇ ಕಳಚಿಕೊಳ್ಳುವ 2050ರ ಊರೊಂದನ್ನು ಯುರೋಪಿನ ಗ್ಯಾಲರಿಯಲ್ಲಿ ಕಟ್ಟಿ ಟಿಕೆಟ್ ಇಟ್ಟಾರು. 2010ರಲ್ಲಿ 10,000 ಮಿ.ಮೀ. ದಾಟಿದ ಮಳೆ ಕಂಡ ಅಮಗಾವಿನಲ್ಲಿ ಅದು ಪ್ರತಿವರ್ಷದ ಆಷಾಢ. 2024ರ ಮಳೆಗಾಲದಲ್ಲಿ ಆ ಊರಿನ ರೋಗಿಯೊಬ್ಬರನ್ನು ಜನ ಹೆಗಲ ಮೇಲೆ ಹೊತ್ತು ಕಾಡುದಾರಿಯಲ್ಲಿ ಮೈಲಿಗಟ್ಟಲೆ ನಡೆದ ಸುದ್ದಿ ಪತ್ರಿಕೆಗಳಲ್ಲಿ ಬಂದಿತ್ತು. ಅವರಿಗೆ ಹೊರಗಿನವರು ಹೋಗಿ ಭಯಾನಕ ನಾಳೆಯ ಪ್ರದರ್ಶನ ಏರ್ಪಡಿಸುವುದು ನಾಚಿಕೆಗೇಡು. ಅವರೇ ಮಾಡಿದರೆ ಏನು ಮಾಡಿಯಾರು? ಪುನರ್ವಸತಿ ಒಪ್ಪಿ ಹೊರಬರಲು ತಯಾರಾದ ಕುಟುಂಬಗಳೂ ಅಲ್ಲಿವೆ, ಬರಲಾರೆವು ಎನ್ನುವವರೂ ಇದ್ದಾರೆ. ಇಬ್ಬರ ಕೈಯಲ್ಲೂ 2050ರ ಒಂದೊಂದು ಉತಾರ ಬರೆಸಬೇಕು. ಕಬ್ಜೆದಾರರ ಕಾಲಮ್ಮಿನಲ್ಲಿ ಯಾರ ಹೆಸರು, ಬೆಳೆಯ ಕಾಲಮ್ಮಿನಲ್ಲಿ ಏನು, ಋಣದ ಕಾಲಮ್ಮಿನಲ್ಲಿ ಎಷ್ಟು. ನಮ್ಮ ಕಡೆ ಉತಾರ ಓದಲು ಬಾರದವರಿಲ್ಲ. ಅಕ್ಷರ ಬಾರದವರೂ ಅದರಲ್ಲಿ ತಮ್ಮ ಹೆಸರು ಎಲ್ಲಿದೆ ಎಂದು ಬೆರಳಿಟ್ಟು ತೋರಿಸುತ್ತಾರೆ.

ಮಾಡುವ ಬಗೆ ಕಠಿಣವೇನಲ್ಲ. ಇದರ ಪಂಡಿತರು ಕತ್ತಲಲ್ಲಿ ಬಿಟ್ಟ ಬ್ಯಾಟರಿ ಬೆಳಕಿನಂತೆ ಮುಂದೆ ಹೋದಷ್ಟು ಅಗಲವಾಗುವ ಒಂದು ಶಂಕುವಿನ ಚಿತ್ರ ಬರೆಯುತ್ತಾರೆ. ನಡುವೆ ಹೆಚ್ಚುಕಡಿಮೆ ಆಗಿಯೇ ತೀರುವಂಥದು, ಸುತ್ತ ಆಗುವ ಸಂಭವವಿರುವುದು, ಅಂಚಿನಲ್ಲಿ ಆದರೂ ಆದೀತು ಎನ್ನುವಂಥದು. ಆಗಬೇಕಾದದ್ದು ಇದರೊಳಗೆ ಎಲ್ಲೋ ಒಂದು ಕಡೆ ಇರುತ್ತದೆ, ಬಹಳ ಸಲ ನಡುಮಧ್ಯದಲ್ಲಿ ಇರುವುದಿಲ್ಲ. ಆರಿಸುವ ವರ್ಷ ಈಗ ಶಾಲೆಗೆ ಹೋಗುವ ಮಗು ಬದುಕಿರುವಾಗಲೇ ಬರುವಂತಿರಲಿ. 2200ರ ಬಗ್ಗೆ ಯಾರೂ ನಿದ್ದೆಗೆಡುವುದಿಲ್ಲ. ವಸ್ತು ಆದಷ್ಟು ಸಾದಾ ಇರಲಿ: ವಾಯವ್ಯ ಸಾರಿಗೆ ಬಸ್ಸಿನ ಟಿಕೆಟ್, ಶಾಲೆಯ ವೇಳಾಪಟ್ಟಿ, ಖಾನಾವಳಿಯ ದರಪಟ್ಟಿ. ಹಾರುವ ಕಾರು ತಂದರೆ ಜನ ಕಾರನ್ನೇ ನೋಡುತ್ತಾರೆ. ದರಪಟ್ಟಿಯಲ್ಲಿ ‘ರೊಟ್ಟಿ (ಹೊರ ರಾಜ್ಯದ ಜೋಳ)’ ಎಂದಿದ್ದರೆ ತಮ್ಮ ಹೊಲವನ್ನು ನೋಡಿಕೊಳ್ಳುತ್ತಾರೆ. ಇಟ್ಟ ಮೇಲೆ ವಿವರಿಸಬಾರದು, ಸುಮ್ಮನೆ ಕೇಳಿಸಿಕೊಳ್ಳಬೇಕು. ವಿದ್ಯಾವಂತರಿಗೆ ಅತಿ ಕಷ್ಟದ ಭಾಗ ಇದೇ.

ಸಾಮಗ್ರಿಗೂ ದೂರ ಹೋಗಬೇಕಿಲ್ಲ. ಖಾನಾಪುರದ ಮಣ್ಣು ಹೆಂಚಿಗೆ, ಇಟ್ಟಿಗೆಗೆ, ಮಡಕೆಗೆ ಹೆಸರಾದದ್ದು. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕೇಂದ್ರೀಯ ಕುಂಬಾರಿಕೆ ಸಂಸ್ಥೆ ಇರುವುದೂ ಅಲ್ಲೇ. ಜಲಜೀವನ್ ಮಿಷನ್ ಲೆಕ್ಕದಲ್ಲಿ ಹಳ್ಳಿಯ ಒಬ್ಬರಿಗೆ ದಿನಕ್ಕೆ 55 ಲೀಟರ್ ನೀರು. ಆ 55 ಲೀಟರನ್ನು ಐದೈದು ಲೀಟರಿನ 11 ಮಡಕೆಗಳಾಗಿ ಕಟ್ಟೆಯ ಮೇಲೆ ಸಾಲಾಗಿಟ್ಟು, 2050ರ ಮೇ ತಿಂಗಳಿಗೆ ಎಷ್ಟು ಉಳಿದಿರುತ್ತವೆ ಎಂದು ಊರವರೇ ಎತ್ತಿ ಪಕ್ಕಕ್ಕಿಡಲಿ. ಯಾರು ಮೊದಲು ಕೈಹಾಕುತ್ತಾರೆ, ಯಾರ ಮಡಕೆ ಮೊದಲು ಹೋಗುತ್ತದೆ, ಎಮ್ಮೆಗೆ ಒಂದು ಬೇಡವೇ ಎಂದು ಯಾರು ಕೇಳುತ್ತಾರೆ ಎಂಬುದರಲ್ಲಿ ಊರಿನ ಜಾತಿ, ಗಂಡಸುತನ, ಕರುಣೆ ಎಲ್ಲ ಹೊರಗೆ ಬರುತ್ತದೆ. ಬೆಂಗಳೂರಿನ ‘ಫೀಲ್ಡ್ಸ್ ಆಫ್ ವ್ಯೂ’ ಸಂಸ್ಥೆ ನಗರ ಯೋಜನೆ, ಕಸ ವಿಲೇವಾರಿಯಂಥ ವಿಷಯಗಳಿಗೆ ಇಂಥ ಆಟಗಳನ್ನೇ ರೂಪಿಸಿದೆ. ಹಲಗೆಯ ಮೇಲೆ ಆಡುವಾಗ ಬಾಯಿಬಿಡುವಷ್ಟು ಜನ ಮೈಕಿನ ಮುಂದೆ ಬಿಡುವುದಿಲ್ಲ.

ಯಾವ ಭಾಷೆಯಲ್ಲಿ ಎಂಬ ಪ್ರಶ್ನೆ ಬೇರೆ ಕಡೆ ಸಣ್ಣದು, ಇಲ್ಲಿ ದೊಡ್ಡದು. ಖಾನಾಪುರದ ಕಾಡಂಚಿನ ಊರುಗಳಲ್ಲಿ ಮರಾಠಿ, ಕೊಂಕಣಿಯೇ ಮನೆಮಾತು. ಬೆಳಗಾವಿಯ ಓಣಿಗಳಲ್ಲಿ ಉರ್ದುವೂ ಸೇರುತ್ತದೆ. ಕನ್ನಡದ ಲಗ್ನಪತ್ರಿಕೆಯನ್ನಷ್ಟೇ 2050ರದೆಂದು ಇಟ್ಟರೆ ಅದನ್ನು ನೋಡಿದವರಲ್ಲಿ ಒಬ್ಬರು, ಆಗ ನಾವು ಇರುವುದಿಲ್ಲವೇ ಎಂದು ಕೇಳುತ್ತಾರೆ. ಕನ್ನಡಿಗನಾಗಿಯೇ ಹೇಳುತ್ತೇನೆ, ಆ ಪ್ರಶ್ನೆಗೆ ಜಾಗ ಇಡದ ಪ್ರದರ್ಶನವನ್ನು ಇಲ್ಲಿ ಮಾಡದಿರುವುದೇ ವಾಸಿ.

ಇಷ್ಟೆಲ್ಲ ಮಾಡಿ ಆಮೇಲೆ? ಪ್ರದರ್ಶನ ಮುಗಿದು ಚಹಾ ಕುಡಿದು ಮನೆಗೆ ಹೋದರೆ ಅದೂ ಒಂದು ವಿಚಾರ ಸಂಕಿರಣವೇ. ಆದರೆ ಕಾನೂನಿನಲ್ಲಿ ಬಾಗಿಲುಗಳಿವೆ. 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಡಿ ಮಹಾಯೋಜನೆಯ ಕರಡು ಪ್ರಕಟವಾದಾಗ ಸಾರ್ವಜನಿಕರು ಆಕ್ಷೇಪ ಸಲ್ಲಿಸಬಹುದು. 2006ರ ಅರಣ್ಯ ಹಕ್ಕು ಕಾಯ್ದೆ ಗ್ರಾಮಸಭೆಗೆ ಮಾತಾಡುವ ಅಧಿಕಾರ ಕೊಟ್ಟಿದೆ. ಈಗ ಆ ಬಾಗಿಲಲ್ಲಿ ನಿಲ್ಲುವವನ ಕೈಯಲ್ಲಿರುವುದು ಸರ್ವೆ ನಂಬರ್ ಬರೆದ ಅರ್ಜಿ ಮಾತ್ರ. ಬೆಳಗಾವಿಯ ಹಲಗಾ-ಮಚ್ಛೆ ಬೈಪಾಸ್ ವಿರೋಧಿಸಿದ ರೈತರೂ ಅದನ್ನೇ ಹಿಡಿದು ಅಲೆದರು. ವಡಗಾವಿಯ ರೈತ ತನ್ನ ಆಕ್ಷೇಪಣಾ ಅರ್ಜಿಗೆ 2041ರ ಒಂದು ಕಿರಾಣಿ ಚೀಟಿ ಲಗತ್ತಿಸಲಿ. ‘ಬೆಳಗಾವಿ ಬಾಸುಮತಿ: ದಾಸ್ತಾನು ಇಲ್ಲ’ ಎಂದು ಅದರಲ್ಲಿರಲಿ. ಕೆಳಗೆ ಅದೇ ಗದ್ದೆಯ ಮೇಲೆ ಎದ್ದ ಮನೆಯ ವಿಳಾಸಕ್ಕೆ ಬಂದ ಮಳೆನೀರು ಪಂಪ್ ಬಾಡಿಗೆಯ ರಸೀದಿಯೂ ಇರಲಿ. ಟಪಾಲು ಗುಮಾಸ್ತ ಒಂದು ಗಳಿಗೆ ಕಕ್ಕಾಬಿಕ್ಕಿಯಾದಾನು, ಆದರೆ ಲಗತ್ತನ್ನು ತೆಗೆದುಕೊಳ್ಳುವುದಿಲ್ಲ ಎನ್ನಲು ಅವನಿಗೆ ಬರುವುದಿಲ್ಲ. ಮೊಹರು ಬೀಳುತ್ತದೆ, ಆವಕ ಸಂಖ್ಯೆ ಸಿಗುತ್ತದೆ, ಕಡತ ಮೇಲಕ್ಕೆ ಹೋಗುತ್ತದೆ. ಆ ಕಿರಾಣಿ ಚೀಟಿಗೆ ಲಿಖಿತ ಉತ್ತರ ಬರೆಯುವ ಕೆಲಸ ಯಾವುದೋ ಸಹಾಯಕ ನಿರ್ದೇಶಕರ ಮೇಜಿಗೆ ಬರುತ್ತದೆ.